ಶಿವಮೊಗ್ಗದ ಹೃದಯ ವೈಫಲ್ಯ ಕ್ಲಿನಿಕ್: ಕೇಳುವುದೂ ಸರಿ, ಬರೆಯುವುದೂ ಸರಿ

ಅಪ್ಪನಿಗೆ ಹೃದಯ ವೈಫಲ್ಯ. ಇಜೆಕ್ಷನ್ ಫ್ರ್ಯಾಕ್ಷನ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು, ಶೇ. 32. ಮೊದಲು ತೋರಿಸುತ್ತಿದ್ದ ಆಸ್ಪತ್ರೆಯ ಫೈಲಿನಲ್ಲಿ ಪ್ರತಿ ಭೇಟಿಗೂ ಒಂದೇ ಸಾಲು: ಎನ್‌ವೈಎಚ್‌ಎ ಕ್ಲಾಸ್ 2, ಅಂದರೆ ದಿನನಿತ್ಯದ ಕೆಲಸದಲ್ಲಿ ಸ್ವಲ್ಪ ಏದುಸಿರು ಬರುವ ದರ್ಜೆ (ಒಂದರಿಂದ ನಾಲ್ಕರವರೆಗೆ, ಅಂಕಿ ಹೆಚ್ಚಿದಷ್ಟೂ ತೊಂದರೆ ಹೆಚ್ಚು). "ಹೇಗಿದ್ದೀರಿ?" ಎಂದು ಡಾಕ್ಟರು ಕೇಳುತ್ತಿದ್ದರು, "ಪರವಾಗಿಲ್ಲ" ಎಂದು ಅಪ್ಪ ಹೇಳುತ್ತಿದ್ದರು. ಅಷ್ಟರಲ್ಲಾಗಲೇ ಅವರು ತೋಟಕ್ಕೆ ಹೋಗುವುದನ್ನೇ ಬಿಟ್ಟಿದ್ದರು. ನಡೆಯದೆ ಕುಳಿತವರಿಗೆ ಏದುಸಿರು ಎಲ್ಲಿಂದ ಬರಬೇಕು?

ಶಿವಮೊಗ್ಗದ ಈ ಕ್ಲಿನಿಕ್ಕಿನಲ್ಲಿ ಡಾಕ್ಟರಿಗಿಂತ ಮೊದಲು ಸಿಸ್ಟರ್ ಕೂರಿಸಿಕೊಂಡು ಮಾತನಾಡುತ್ತಾರೆ. "ಯಜಮಾನರೇ, ರಾತ್ರಿ ತಲೆಗೆ ಎಷ್ಟು ದಿಂಬು ಬೇಕು? ಸ್ನಾನವಾದ ಮೇಲೆ ಸುಧಾರಿಸಿಕೊಳ್ಳಲು ಕೂರುತ್ತೀರಾ? ಹೋದ ಮಳೆಗಾಲದಲ್ಲಿ ಮಾಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದೀರಿ?" ಈ ಕೊನೆಯ ಪ್ರಶ್ನೆಗೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದೊಂದಾಗಿ ಹೇಳತೊಡಗಿದರು. 'ಮೈ ಒರೆಸಿಕೊಳ್ಳುವಷ್ಟರಲ್ಲಿ ಕೂರಬೇಕು, ದಿಂಬು ಎರಡು, ತೋಟ ಬಿಟ್ಟಿದ್ದಾರೆ' ಎಂದು ಸಿಸ್ಟರ್ ಬರೆದುಕೊಂಡರು. ಅದರ ಪಕ್ಕದಲ್ಲೇ ಡಾಕ್ಟರು ಕ್ಲಾಸ್ 3 ಎಂದು ನಮೂದಿಸಿ, ನೀರಿಳಿಸುವ ಮಾತ್ರೆ ಹೆಚ್ಚಿಸಿ, ಹೃದಯ ವೈಫಲ್ಯಕ್ಕೆ ಕೊಡುವ ಡಪಾಗ್ಲಿಫ್ಲೋಜಿನ್ ಮಾತ್ರೆ ಸೇರಿಸಿದರು.

1928ರಿಂದ ಬಳಕೆಯಲ್ಲಿರುವ ಈ ನಾಲ್ಕು ದರ್ಜೆಗಳಲ್ಲಿ ದೋಷವಿದೆ ಎಂದು ನಾನು ಹೇಳುವುದಿಲ್ಲ. ಆದರೆ ಯಾವ ಆಧಾರದ ಮೇಲೆ ದರ್ಜೆ ಕೊಟ್ಟರೆಂದು ಬರೆಯದಿದ್ದರೆ, ಮುಂದಿನ ಸಲ ನೋಡುವ ಬೇರೆ ಡಾಕ್ಟರಿಗೆ ಬರೀ ಅಂಕಿಯಿಂದ ಏನು ತಿಳಿದೀತು? ಎಕೋ (ಹೃದಯದ ಸ್ಕ್ಯಾನ್) ವರದಿಯೂ ಹೃದಯ ಎಷ್ಟು ರಕ್ತ ತಳ್ಳುತ್ತದೆ ಎಂದು ಹೇಳುತ್ತದೆಯೇ ಹೊರತು ಮನುಷ್ಯ ಎಷ್ಟು ದೂರ ನಡೆಯಬಲ್ಲ ಎಂದಲ್ಲ. ಅದಕ್ಕೆಂದೇ ಇಲ್ಲಿ ಆರು ನಿಮಿಷ ನಡೆಸಿ ದೂರವನ್ನು ಮೀಟರ್‌ಗಳಲ್ಲಿ ಬರೆಯುತ್ತಾರೆ. ಹೃದಯ ವೈಫಲ್ಯದವರಿಗೆಂದೇ ಇರುವ ಕಾನ್ಸಾಸ್ ಸಿಟಿ ಪ್ರಶ್ನಾವಳಿಯ 12 ಪ್ರಶ್ನೆಗಳಿಂದ ಹಿಂದಿನ ಎರಡು ವಾರಗಳ ಸ್ಥಿತಿಗೆ ಸೊನ್ನೆಯಿಂದ ನೂರರೊಳಗೆ ಅಂಕ ಕೊಡುತ್ತಾರೆ. ಅಂಕ ಹೆಚ್ಚಿದ್ದಷ್ಟೂ ಒಳ್ಳೆಯದು. ಹೋದ ಸಲದ್ದು, ಈ ಸಲದ್ದು ಎರಡೂ ಪರದೆಯ ಮೇಲೆ ಅಕ್ಕಪಕ್ಕದಲ್ಲೇ ಕಾಣುತ್ತವೆ.

ಕೊರತೆಗಳೂ ಇವೆ. ನಡಿಗೆ ಪರೀಕ್ಷೆಗೆ 30 ಮೀಟರಿನ ತೆರವಾದ ನೇರ ಜಾಗ ಬೇಕು. ಇಲ್ಲಿ ಸ್ಟ್ರೆಚರ್ ಓಡಾಡುವ ಕಾರಿಡಾರಿನಲ್ಲೇ ನಡೆಸುತ್ತಾರೆ. ಅಪ್ಪ ಮಧ್ಯೆ ನಿಂತು ದಾರಿ ಬಿಡಬೇಕಾಯಿತು. ಹಾಗೆ ಅಳೆದ ದೂರವನ್ನು ನಂಬುವುದು ಕಷ್ಟ. ಕಾಯುವಿಕೆಯೂ ದೀರ್ಘ.

ಇನ್ನೊಂದು ವಿಷಯ. ಇಷ್ಟು ಚೆನ್ನಾಗಿ ಬರೆದದ್ದೆಲ್ಲ ಅವರ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಕೈಗೆ ಸಿಗುವುದು ಔಷಧದ ಚೀಟಿ ಮಾತ್ರ. ರಾತ್ರಿ ಉಸಿರು ಕಟ್ಟಿದರೆ ನಾವು ಓಡುವುದು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿನವರಿಗೆ ಇದೇ ವಿವರ ಬೇಕು. ಹೋದವರು ಕೌಂಟರಿನಲ್ಲಿ ಪೂರ್ತಿ ದಾಖಲೆಯ ಪ್ರತಿ ಕೇಳಿ ಪಡೆಯಿರಿ, ಕೇಳಿದರೆ ಕೊಡುತ್ತಾರೆ.