ಟ್ಯಾಲಿಗೆ ಎಐ ಕನೆಕ್ಟರ್ ಕೊಳ್ಳುವವರೇ, ದುಡ್ಡು ಕೊಡುವ ಮೊದಲು ಟೂಲ್ ವಿವರಣೆ ಕೇಳಿ ಓದಿ

ಲೆಕ್ಕ ಬರೆಯೋ ಸಾಫ್ಟ್‌ವೇರ್ ಟ್ಯಾಲಿಗೆ ಎಐ ಜೋಡಿಸಿಕೊಡ್ತೀವಿ ಅಂತ ಕನೆಕ್ಟರ್ (ಎರಡರ ನಡುವೆ ಡೇಟಾ ಸಾಗಿಸೋ ಪ್ರೋಗ್ರಾಂ) ಮಾರುವವರು ಈಗ ಸುಮಾರು ಜನ ಇದ್ದಾರೆ. ನಮ್ಮ ಆಫೀಸಿಗೂ ಒಬ್ಬರು ಬಂದು ಡೆಮೊ ಕೊಟ್ಟು, ವರ್ಷದ ಲೈಸೆನ್ಸ್ ದುಡ್ಡು ಮೊದಲೇ ಕಟ್ಟಿಸಿಕೊಂಡು ಹೋದರು. ಮುಂದೆ ಆಗಿದ್ದು ಬೇರೆ ಯಾರ ಲೆಕ್ಕದಲ್ಲೂ ಆಗಬಾರದು ಅಂತ ಬರೀತಿದ್ದೀನಿ.

"ಯಾವ ಪಾರ್ಟಿಯಿಂದ ಎಷ್ಟು ಬರಬೇಕು" ಅಂತ ಕೇಳಿದರೆ, ನಮಗೆ 1,18,000 ರೂಪಾಯಿ ಕೊಡಬೇಕಾದ ಪಾರ್ಟಿಯನ್ನು "ಇವರ ಅಡ್ವಾನ್ಸ್ 1,18,000 ನಿಮ್ಮಲ್ಲಿದೆ" ಅಂತ ತೋರಿಸಿತು. ಒಂದು ಲಕ್ಷದ ಬಿಲ್, ಮೇಲೆ ಸಿಜಿಎಸ್‌ಟಿ 9,000, ಎಸ್‌ಜಿಎಸ್‌ಟಿ 9,000. ಒಂದು ಪೈಸೆ ಬಂದಿಲ್ಲ. ಅಂಥವರಿಗೆ ನಾವೇ ಸಾಲಗಾರರು! ಸಂಡ್ರಿ ಡೆಟರ್ಸ್ (ನಮಗೆ ದುಡ್ಡು ಕೊಡಬೇಕಾದವರ) ಪಟ್ಟಿ ಪೂರ್ತಿ ಹೀಗೇ ತಲೆಕೆಳಗಾಗಿತ್ತು.

ಕಾರಣ ಸಣ್ಣದು. ಟ್ಯಾಲಿಯಿಂದ ಎಕ್ಸ್‌ಎಂಎಲ್‌ನಲ್ಲಿ (ಪ್ರೋಗ್ರಾಂಗಳು ಓದೋ ಒಂದು ಬರಹದ ರೂಪ) ಡೇಟಾ ತೆಗೆದರೆ ಡೆಬಿಟ್ ಮೊತ್ತ, ಅಂದರೆ ಪಾರ್ಟಿಯಿಂದ ನಮಗೆ ಬರಬೇಕಾದದ್ದು, ಮೈನಸ್ ಚಿಹ್ನೆಯಲ್ಲಿ ಬರುತ್ತೆ, ಕ್ರೆಡಿಟ್ ಪ್ಲಸ್. ಹೊರಗಿನ ಪ್ರೋಗ್ರಾಂಗಳು ಸಾಮಾನ್ಯವಾಗಿ ಟ್ಯಾಲಿ ಜೊತೆ ಮಾತಾಡೋ 9000 ಪೋರ್ಟ್‌ಗೆ ರಿಕ್ವೆಸ್ಟ್ ಕಳಿಸಿ ಕೆಲಸ ಮಾಡಿದ ಯಾರಿಗಾದರೂ ಇದು ಮೊದಲ ವಾರದಲ್ಲೇ ಗೊತ್ತಾಗೋ ವಿಷಯ. ಆದರೆ ಎಐಗೆ ಯಾರಾದರೂ ಹೇಳಬೇಕಲ್ಲ? ಕನೆಕ್ಟರ್ ಎಂಸಿಪಿ (ಎಐಗೆ ಹೊರಗಿನ ಸಾಫ್ಟ್‌ವೇರ್ ಜೋಡಿಸೋ ಒಂದು ಪದ್ಧತಿ) ಮೇಲೆ ಮಾಡಿದ್ದಾದರೆ, ಟೂಲ್ (ಎಐ ಅದರಿಂದ ಮಾಡಿಸಬಹುದಾದ ಒಂದೊಂದು ಕೆಲಸ) ಬಗ್ಗೆ ಎಐ ಓದೋದು ಅದರ ಹೆಸರು, ವಿವರಣೆ, ಇನ್‌ಪುಟ್ ಸ್ಕೀಮಾ (ಏನೇನು, ಯಾವ ರೂಪದಲ್ಲಿ ಕೊಡಬೇಕು ಅನ್ನೋ ಪಟ್ಟಿ). ಮಾರಿದವರ ಪಿಡಿಎಫ್ ಅದು ಓದಲ್ಲ, ಡೆಮೊದಲ್ಲಿ ಬಾಯಲ್ಲಿ ಹೇಳಿದ್ದೂ ಅದಕ್ಕೆ ಕೇಳಿಸಲ್ಲ.

ಆಮೇಲೆ ಟೂಲ್ ಪಟ್ಟಿ ತೆಗೆಸಿ ನೋಡಿದೆವು. ಮೋಸ ಹೋದದ್ದು ಮನಸ್ಸಿಗೆ ತಾಕಿದ್ದು ಆಗಲೇ. ಬಾಕಿ ಕೊಡುವ ಟೂಲಿನ ವಿವರಣೆ: "ಲೆಡ್ಜರ್ ಬಾಕಿ ಪಡೆಯುತ್ತದೆ." ಅಷ್ಟೇ. ವೋಚರ್ (ಲೆಕ್ಕದ ಒಂದು ಎಂಟ್ರಿ) ಟೂಲಿನದು: "ವೋಚರ್ ಸೃಷ್ಟಿಸುತ್ತದೆ." ಅಷ್ಟೇ! ಹೆಸರನ್ನೇ ಇನ್ನೊಂದು ಸಲ ಬರೆದು ವಿವರಣೆ ಅಂದಿದ್ದಾರೆ. ದಿನಾಂಕದ ಜಾಗದಲ್ಲಿ "ಸ್ಟ್ರಿಂಗ್" (ಯಾವುದೇ ಅಕ್ಷರಗಳ ಸಾಲು) ಅಂತ ಒಂದೇ ಪದ. ಇದಕ್ಕೆ ವರ್ಷದ ದುಡ್ಡು ಕೊಟ್ಟಿದ್ದೀವಿ.

ಫೋನ್ ಮಾಡಿದರೆ ಬಂದ ಉತ್ತರ: "ಟ್ಯಾಲಿ ಕೊಡೋದೇ ಹಾಗೆ ಸಾರ್. ಎಐಗೆ ಅರ್ಥ ಆಗಬೇಕಿತ್ತು." ಮತ್ತೆ ಕೇಳಿದರೆ, "ನೀವು ಪ್ರಾಂಪ್ಟ್ ಸರಿಯಾಗಿ ಕೊಡಿ ಸಾರ್." ಮೈನಸ್ ಅಂದರೆ ಡೆಬಿಟ್ ಅಂತ ಗಿರಾಕಿ ದಿನಾ ಪ್ರಾಂಪ್ಟಿನಲ್ಲಿ ಬರೀಬೇಕಂತೆ!

ದಿನಾಂಕದ ಕಥೆ ಇನ್ನೂ ಕೆಟ್ಟದು. ಕನೆಕ್ಟರಿಗೆ ಬೇಕಾಗಿದ್ದದ್ದು 20250401 ಅನ್ನೋ ರೂಪ. ಎಐ 01-04-2025 ಅಂತ ಕಳಿಸಿತು. ಎರರ್ ಕೊಡಬೇಕಿತ್ತು ತಾನೇ? ಕೊಡಲಿಲ್ಲ. ದಿನಾಂಕವನ್ನೇ ಬಿಟ್ಟು, ಟ್ಯಾಲಿಯಲ್ಲಿ ಆಗ ಇದ್ದ ಅವಧಿಯ ಲೆಕ್ಕ ತಂದುಕೊಟ್ಟಿತು. ಏಪ್ರಿಲ್ ಮಾರಾಟ ಅಂತ ಬಂದದ್ದು ಇಡೀ ವರ್ಷದ ಮೊತ್ತ. 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ಹಾಕುವವರು ಇಂಥ ಅಂಕಿ ನಂಬಿದರೆ ಗತಿಯೇನು?

ಎಲ್ಲಕ್ಕಿಂತ ದೊಡ್ಡ ಹಾನಿ ವೋಚರಿನದು. ಎಐ ಒಂದು ರಸೀದಿಯ ವೋಚರ್ ಕಳಿಸಿತು, ಟ್ಯಾಲಿ ಉತ್ತರ ಕೊಡೋದು ತಡವಾಗಿ ಟೈಮ್‌ಔಟ್ ಆಯ್ತು. ಎಂಟ್ರಿ ಒಳಗೆ ಬಿದ್ದಿತ್ತು, ಆದರೆ ಎಐಗೆ ಅದು ತಿಳಿಯೋ ದಾರಿ ಇಲ್ಲ. ಮತ್ತೆ ಕಳಿಸಿತು. ಒಂದೇ ರಸೀದಿ ಎರಡು ಸಲ ಎಂಟ್ರಿ. ಪ್ರತಿ ವೋಚರಿಗೂ ಒಂದೊಂದು ರಿಮೋಟ್ ಐಡಿ (ಆ ವೋಚರಿಗಷ್ಟೇ ಸೇರಿದ ಗುರುತು) ಕೊಟ್ಟು ಕಳಿಸಿದ್ದರೆ ಎರಡನೇ ಸಲ ಹೊಸದು ಹುಟ್ಟದೆ ಹಳೆಯದೇ ಆಲ್ಟರ್ ಆಗುತ್ತಿತ್ತು. ಅದೂ ಇಲ್ಲ, "ಮತ್ತೆ ಕಳಿಸುವ ಮೊದಲು ವೋಚರ್ ನಂಬರ್ ಹುಡುಕಿ ನೋಡು" ಅನ್ನೋ ಸಾಲೂ ಇಲ್ಲ. ಲೆಡ್ಜರ್ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದಾಗ ಟ್ಯಾಲಿ ಲೈನ್‌ಎರರ್ ಅಂತ ಸ್ಪಷ್ಟವಾಗಿ ಹೇಳುತ್ತೆ, ಆದರೆ ಎಚ್‌ಟಿಟಿಪಿ ಕೋಡ್ 200 (ರಿಕ್ವೆಸ್ಟ್ ತಲುಪಿ ಉತ್ತರ ಬಂತು ಅನ್ನೋ ಸಂಕೇತ) ಇರುತ್ತೆ. ಕನೆಕ್ಟರ್ ಆ 200 ನೋಡಿ "ಯಶಸ್ವಿ" ಅಂತ ವರದಿ ಮಾಡಿತು. ಕ್ರಿಯೇಟೆಡ್ ಎಷ್ಟು, ಎರರ್ಸ್ ಎಷ್ಟು ಅಂತ ಉತ್ತರದ ಒಳಗೆ ಓದಲೇ ಇಲ್ಲ. "ಡಬಲ್ ಆದದ್ದು ಡಿಲೀಟ್ ಮಾಡಿ ಸಾರ್" ಅಂದರು ಮಾರಿದವರು. ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಆಡಿಟ್ ಟ್ರೇಲ್ (ಲೆಕ್ಕದಲ್ಲಿ ಮಾಡಿದ ಪ್ರತಿ ಬದಲಾವಣೆಯ ದಾಖಲೆ) ಕಡ್ಡಾಯ. ಡಿಲೀಟ್ ಮಾಡಿದ್ದೂ ಎಡಿಟ್ ಲಾಗ್‌ನಲ್ಲಿ ಕೂತಿರುತ್ತೆ. ಆಡಿಟರ್ ಕೇಳಿದಾಗ ಉತ್ತರ ಕೊಡೋದು ಇವರಾ?

ಬರೆಯೋದು ಕಷ್ಟವೂ ಅಲ್ಲ. ಬಾಕಿ ಟೂಲಿಗೆ ಇಷ್ಟು ಸಾಕಿತ್ತು: "ಒಂದು ಲೆಡ್ಜರಿನ ಕ್ಲೋಸಿಂಗ್ ಬ್ಯಾಲೆನ್ಸ್ ರೂಪಾಯಿಯಲ್ಲಿ ಕೊಡುತ್ತದೆ. ಮೈನಸ್ ಎಂದರೆ ಡೆಬಿಟ್. ಸಂಡ್ರಿ ಡೆಟರ್ಸ್‌ನಲ್ಲಿ ಅದು ನಮಗೆ ಬರಬೇಕಾದ ಹಣ. ದಿನಾಂಕ ವರ್ಷ-ತಿಂಗಳು-ದಿನ, ಎಂಟು ಅಂಕಿ, ನಡುವೆ ಗೆರೆ ಬೇಡ. ಲೆಡ್ಜರ್ ಹೆಸರು ಗೊತ್ತಿಲ್ಲದಿದ್ದರೆ ಮೊದಲು ಲೆಡ್ಜರ್ ಪಟ್ಟಿ ಟೂಲ್ ಬಳಸು, ಊಹಿಸಬೇಡ." ಅರ್ಧ ಗಂಟೆಯ ಕೆಲಸ. ಬರೀ ಓದುವ ಟೂಲ್ ಯಾವುದು, ಪುಸ್ತಕಕ್ಕೆ ಬರೆಯುವ ಟೂಲ್ ಯಾವುದು ಅಂತ ಗುರುತು ಹಾಕಲು ಎಂಸಿಪಿಯಲ್ಲೇ ಜಾಗ ಇದೆ. ಅದನ್ನೂ ಖಾಲಿ ಬಿಟ್ಟಿದ್ದರು.

ದುಡ್ಡು ವಾಪಸ್ ಕೇಳಿದ್ದಕ್ಕೆ, "ಲೈಸೆನ್ಸ್ ಆಕ್ಟಿವೇಟ್ ಆಗಿದೆ, ರೀಫಂಡ್ ಇಲ್ಲ." ಆಮೇಲೆ ಫೋನ್ ಎತ್ತಲ್ಲ.

ಕೊಳ್ಳುವ ಮೊದಲು ಟೂಲ್ ಪಟ್ಟಿಯನ್ನು ವಿವರಣೆ ಸಮೇತ ಬರಹದಲ್ಲಿ ಕಳಿಸಿ ಅನ್ನಿ. ಗುಟ್ಟು, ಕೊಡಕ್ಕಾಗಲ್ಲ ಅಂದರೆ ಅಲ್ಲಿಗೇ ಬಿಡಿ. ನಾಳೆ ಎಐ ಓದಬೇಕಾದದ್ದೇ ಅದು, ನಿಮಗೆ ತೋರಿಸಲು ಏನಡ್ಡಿ? ನಿಮ್ಮ ಡೇಟಾ ಬ್ಯಾಕಪ್ಪನ್ನು ಬೇರೆ ಜಾಗದಲ್ಲಿ ರಿಸ್ಟೋರ್ ಮಾಡಿ, ಅದರ ಮೇಲೆ ಮಾತ್ರ ಓಡಿಸಿ. ಒಂದು ಡೆಬಿಟ್ ಪಾರ್ಟಿ, ಒಂದು ಕ್ರೆಡಿಟ್ ಪಾರ್ಟಿ ಬಾಕಿ ಕೇಳಿ. ತಪ್ಪು ದಿನಾಂಕ, ತಪ್ಪು ಲೆಡ್ಜರ್ ಹೆಸರು ಬೇಕಂತಲೇ ಕೊಡಿ. ಒಂದೇ ವೋಚರನ್ನು ಎರಡು ಸಲ ಕಳಿಸಿ ಡೇ ಬುಕ್ ತೆರೆದು ಎಣಿಸಿ. ಇಷ್ಟನ್ನೂ ಅವರ ಎದುರಿಗೇ ಮಾಡಿ, ಚೆಕ್ ಬರೆಯುವ ಮೊದಲೇ.