ಎಚ್ಚರಿಕೆ: 'ಪಾಸ್‌ವರ್ಡ್ ಎನ್‌ಕ್ರಿಪ್ಟ್ ಆಗಿದೆ ಸರ್' ಅಂದರೆ ಅಲ್ಲಿಗೇ ನಂಬಿಬಿಡಬೇಡಿ

ಸದಸ್ಯರಿಗಾಗಿ ದುಡ್ಡು ಕೊಟ್ಟು ಮಾಡಿಸಿದ ವೆಬ್ ಪೋರ್ಟಲ್. ಡೆಮೊ ದಿನ ಮಾಡಿಕೊಟ್ಟವರು 'ಎಇಎಸ್ 256 ಸರ್, ಬ್ಯಾಂಕ್‌ನಲ್ಲಿ ಇರೋದೂ ಇದೇ' ಅಂದರು. ಕೀ ಇದ್ದರೆ ಮಾತ್ರ ಬಿಚ್ಚುವ ಹಾಗೆ ಮಾಹಿತಿಯನ್ನು ಗೂಢವಾಗಿಸುವ, ಅಂದರೆ ಎನ್‌ಕ್ರಿಪ್ಟ್ ಮಾಡುವ, ಒಂದು ವಿಧಾನ ಅದು. ತಲೆಯಾಡಿಸಿ ಸಹಿ ಹಾಕಿದ್ದಾಯಿತು. ಈಗ ನಾಚಿಕೆ, ಅದಕ್ಕಿಂತ ಹೆಚ್ಚು ಸಿಟ್ಟು.

'ಪಾಸ್‌ವರ್ಡ್ ಮರೆತಿರಾ' ಒತ್ತಿದರೆ ಹೊಸದು ಇಟ್ಟುಕೊಳ್ಳುವ ಲಿಂಕ್ ಬರಬೇಕು ತಾನೆ? ಬಂದದ್ದು ಹಳೇ ಪಾಸ್‌ವರ್ಡೇ. ಮೇಲ್‌ನಲ್ಲಿ, ಒಂದಕ್ಷರವೂ ಬಿಡದೆ! ಅಂದರೆ ಅದನ್ನು ವಾಪಸ್ ತೆಗೆಯಲು ಬರುತ್ತದೆ. ಅವರಿಗೆ ಬಂದರೆ ಸರ್ವರ್‌ಗೆ ನುಗ್ಗಿದವನಿಗೂ ಬರುತ್ತದೆ.

ಕೇಳಿದ್ದಕ್ಕೆ ಉತ್ತರ: 'ಕೀ ನಮ್ಮ ಹತ್ರ ಮಾತ್ರ ಇದೆ ಸರ್.' ಎಲ್ಲಿತ್ತು ಆ ಕೀ? ಕಾನ್ಫಿಗ್ ಫೈಲಿನಲ್ಲಿ. ಆ ಫೈಲು ಗಿಟ್‌ನಲ್ಲಿ (ಕೋಡಿನ ಹಳೇ ಹೊಸ ಆವೃತ್ತಿಗಳನ್ನೆಲ್ಲ ಕೂಡಿಡುವ ವ್ಯವಸ್ಥೆ). ದಿನಾ ರಾತ್ರಿಯ ಬ್ಯಾಕಪ್‌ನಲ್ಲಿ ಡೇಟಾಬೇಸ್ ಡಂಪ್ (ಪೂರ್ತಿ ನಕಲು) ಪಕ್ಕದಲ್ಲೇ ಅದೂ ಕೂತಿತ್ತು. ಬೀಗ ಜಡಿದು ಕೀಲಿಕೈಯನ್ನು ಚಿಲಕಕ್ಕೇ ನೇತುಹಾಕಿದ ಹಾಗೆ.

ಇನ್ನೊಂದು ಪರೀಕ್ಷೆ, ಎರಡು ನಿಮಿಷದ ಕೆಲಸ. ಡೇಟಾಬೇಸಿನ ಪಾಸ್‌ವರ್ಡ್ ಕಾಲಮ್ ಮೇಲೆ ಗ್ರೂಪ್ ಬೈ (ಒಂದೇ ಮೌಲ್ಯದ ಸಾಲುಗಳನ್ನು ಗುಂಪು ಮಾಡುವ ಆದೇಶ) ಹಾಕಿ ಎಣಿಸಿ. ಒಂದೇ ಮೌಲ್ಯ ಹತ್ತಾರು ಸಾಲುಗಳಲ್ಲಿ ಬಂತೋ, ಕೆಲಸ ಕೆಟ್ಟಿದೆ. ಇಲ್ಲಿ ಹಾಗೇ ಬಂತು. ಇಸಿಬಿ ಮೋಡ್, ಅಂದರೆ ಬೇರೇನೂ ಬೆರೆಸದೆ ಪ್ರತಿ ತುಂಡನ್ನೂ ಒಂದೇ ರೀತಿ ಎನ್‌ಕ್ರಿಪ್ಟ್ ಮಾಡುವುದು: ಒಂದೇ ಪಾಸ್‌ವರ್ಡ್ ಇಟ್ಟವರಿಗೆಲ್ಲ ಒಂದೇ ಗೂಢಪಠ್ಯ. ಒಬ್ಬರದು ಊಹಿಸಿದರೆ ಅವರೆಲ್ಲರದೂ ಸಿಕ್ಕಿತು. 2013ರಲ್ಲಿ ಅಡೋಬಿ ಕಂಪನಿಯ ಡೇಟಾ ಸೋರಿದಾಗ ಆದದ್ದು ಇದೇ. ಟ್ರಿಪಲ್ ಡಿಇಎಸ್ ಎಂಬ ಹಳೇ ಎನ್‌ಕ್ರಿಪ್ಟ್ ವಿಧಾನ, ಇಸಿಬಿ, ಎಲ್ಲರಿಗೂ ಒಂದೇ ಕೀ, ಪಕ್ಕದಲ್ಲಿ ಪಾಸ್‌ವರ್ಡ್ ಸುಳಿವುಗಳು ಬಿಚ್ಚುಬಿಚ್ಚಾಗಿ. ಕೀ ಇಲ್ಲದೆಯೇ ಜನ ಪಾಸ್‌ವರ್ಡ್‌ಗಳನ್ನು ಬಿಡಿಸಿ ಹಾಕಿದರು.

ಇದನ್ನು ತೋರಿಸಿದರೆ 'ಇಲ್ಲೀವರೆಗೂ ಯಾರೂ ಹ್ಯಾಕ್ ಮಾಡಿಲ್ಲವಲ್ಲ ಸರ್' ಅಂದರು. ಇಲ್ಲೀವರೆಗೂ! ಆಮೇಲೆ ಇನ್ನೊಂದು ಮೇಲ್: 'ಎಂಡಿ5 ಮಾಡಿ ಕೊಡ್ತೀವಿ, ಅದು ವಾಪಸ್ ಬರಲ್ಲ.' ಬೇಡ, ಖಂಡಿತ ಬೇಡ. ಎಂಡಿ5 ಹಳೇ ಹ್ಯಾಶ್ ವಿಧಾನ, ಅಂದರೆ ಪಾಸ್‌ವರ್ಡನ್ನು ವಾಪಸ್ ತೆಗೆಯಲಾಗದ ಗುರುತಾಗಿ ಬದಲಿಸುವುದು. ಆದರೆ ತೀರಾ ವೇಗ. ಒಂದು ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಊಹೆಗಳನ್ನು ಪರೀಕ್ಷಿಸುತ್ತದೆ.

ಲಾಗಿನ್ ಪಾಸ್‌ವರ್ಡನ್ನು ಎನ್‌ಕ್ರಿಪ್ಟ್ ಮಾಡುವುದೇ ತಪ್ಪು, ಹ್ಯಾಶ್ ಮಾಡಬೇಕು. ಅದೂ ಬೇಕೆಂದೇ ನಿಧಾನವಾಗಿರುವ ಹ್ಯಾಶ್. ಆರ್ಗಾನ್2ಐಡಿ ಇದ್ದರೆ ಅದು: ಕನಿಷ್ಠ 19 ಎಂಐಬಿ (ಮೆಬಿಬೈಟ್) ಮೆಮೊರಿ, 2 ಸುತ್ತು. ಇಲ್ಲವಾದರೆ ಬಿಕ್ರಿಪ್ಟ್, ಕಾಸ್ಟ್ (ನಿಧಾನದ ಮಟ್ಟ) 10ಕ್ಕಿಂತ ಕಡಿಮೆ ಬೇಡ. ಸಾಲ್ಟ್ ಅನ್ನು (ಪ್ರತಿ ಪಾಸ್‌ವರ್ಡ್‌ಗೂ ಬೇರೆ ಬೇರೆಯಾಗಿ ಬೆರೆಸುವ ಮನಬಂದ ತುಣುಕು) ಲೈಬ್ರರಿಯೇ ಹಾಕಿಕೊಳ್ಳುತ್ತದೆ. ಬಿಕ್ರಿಪ್ಟ್ ನೋಡುವುದು ಮೊದಲ 72 ಬೈಟ್ ಮಾತ್ರ. ಕನ್ನಡ ಲಿಪಿಯಲ್ಲಿ ಪಾಸ್‌ವರ್ಡ್ ಇಟ್ಟರೆ ಒಂದೊಂದು ಯೂನಿಕೋಡ್ ಸಂಕೇತಕ್ಕೆ 3 ಬೈಟ್, 24ಕ್ಕೇ ಮುಗಿಯಿತು. ಒತ್ತು, ಗುಣಿತದ ಚಿಹ್ನೆ ಎಲ್ಲ ಬೇರೆ ಬೇರೆ ಲೆಕ್ಕ.

ಡೀಕ್ರಿಪ್ಟ್ ನಿಜವಾಗಿ ಬೇಕಾಗುವುದು ಬೇರೆ ಸರ್ವರ್‌ಗೆ ನಾವೇ ತೋರಿಸಬೇಕಾದ ಗುಟ್ಟುಗಳಿಗೆ: ಮೇಲ್ ಸರ್ವರ್ ಪಾಸ್‌ವರ್ಡ್, ಪೇಮೆಂಟ್ ಗೇಟ್‌ವೇ ಟೋಕನ್. ಅದಕ್ಕೆ ಎಇಎಸ್ 256 ಜಿಸಿಎಂ, ಗೂಢಪಠ್ಯವನ್ನು ಯಾರಾದರೂ ತಿದ್ದಿದರೆ ಪತ್ತೆಹಚ್ಚುವ ಮೋಡ್. ಪ್ರತಿ ಸಲ ಹೊಸ 12 ಬೈಟ್ ನಾನ್ಸ್ (ಒಮ್ಮೆ ಮಾತ್ರ ಬಳಸುವ ಸಂಖ್ಯೆ). ಒಂದೇ ಕೀ ಜತೆ ನಾನ್ಸ್ ಮರುಕಳಿಸಿದರೆ ರಕ್ಷಣೆ ಕುಸಿಯುತ್ತದೆ. ಸಾಲಿನ ಐಡಿಯನ್ನು ಜತೆ ದತ್ತಾಂಶವಾಗಿ (ತಾನು ಗೂಢವಾಗದೆ, ಡೀಕ್ರಿಪ್ಟ್ ಮಾಡುವಾಗ ತಾಳೆಯಾಗಲೇಬೇಕಾದ ಮಾಹಿತಿ) ಕಟ್ಟಿ, ಆಗ ಒಬ್ಬರ ಗೂಢಪಠ್ಯವನ್ನು ಇನ್ನೊಬ್ಬರ ಸಾಲಿಗೆ ಅಂಟಿಸಿದರೆ ಡೀಕ್ರಿಪ್ಟ್ ಆಗುವುದೇ ಇಲ್ಲ. ಕೀ ಆವೃತ್ತಿಯ ಸಂಖ್ಯೆಯನ್ನೂ ಬರೆದಿಡಿ, ಇಲ್ಲದಿದ್ದರೆ ಕೀ ಬದಲಿಸುವ ದಿನ ಒದ್ದಾಟ. ಕೀ ಮಾತ್ರ ಡೇಟಾಬೇಸ್, ಕೋಡ್, ಬ್ಯಾಕಪ್ ಯಾವುದರಲ್ಲೂ ಇರಕೂಡದು, ಕೆಎಂಎಸ್‌ನಲ್ಲಿರಲಿ (ಕೀಗಳನ್ನು ಬೇರೆಯಾಗಿ ಕಾಯುವ ಸೇವೆ).

ಈಗಾಗಲೇ ಸಿಕ್ಕಿಹಾಕಿಕೊಂಡವರು ಒಂದೊಂದಾಗಿ ಡೀಕ್ರಿಪ್ಟ್ ಮಾಡಿ ಹ್ಯಾಶ್ ಮಾಡಿಸಿ, ಹಳೇ ಕಾಲಮ್ ಅಳಿಸಿ. ಹಳೇ ಬ್ಯಾಕಪ್‌ಗಳನ್ನೂ ಅಳಿಸಿ, ಇದನ್ನೇ ಎಲ್ಲರೂ ಮರೆಯುವುದು. ಗಿಟ್‌ನಿಂದ ಫೈಲು ತೆಗೆದರೆ ಸಾಲದು, ಹಳೇ ಕಮಿಟ್‌ಗಳಲ್ಲಿ (ಉಳಿಸಿಟ್ಟ ಆವೃತ್ತಿಗಳಲ್ಲಿ) ಕೀ ಇದ್ದೇ ಇರುತ್ತದೆ. ಸೋರಿದೆ ಅಂತಲೇ ತಿಳಿದು ಸದಸ್ಯರಿಂದ ಪಾಸ್‌ವರ್ಡ್ ಬದಲು ಮಾಡಿಸಿ.

ಕೊನೇ ಕಂತು ಕೊಡುವ ಮುಂಚೆ ಆ 'ಮರೆತಿರಾ' ಬಟನ್ ಒಮ್ಮೆ ಒತ್ತಿ ನೋಡಿ. ಇಲ್ಲಿ ಪೂರ್ತಿ ದುಡ್ಡು ಕೊಟ್ಟ ಮೇಲೆ ಒತ್ತಿದ್ದು. ಸರಿಪಡಿಸಿ ಅಂದರೆ 'ಚೇಂಜ್ ರಿಕ್ವೆಸ್ಟ್' ಅಂತ ಬೇರೆ ಬಿಲ್ ಬಂದಿದೆ. ಕೊಟ್ಟಿಲ್ಲ, ಕೊಡುವುದೂ ಇಲ್ಲ.