ದಾಳಿಂಬೆ ಕಟಿಂಗ್‌ಗೆ ಗುಂಪು ಕರೆಸುವ ಮುಂಚೆ ಅವರ ಕತ್ತರಿ ನೋಡಿ

ಶಿರಾ, ಮಧುಗಿರಿ, ಪಾವಗಡ ಕಡೆ ದಾಳಿಂಬೆ ಇಟ್ಟಿರುವವರೆಲ್ಲ ದಯವಿಟ್ಟು ಇದನ್ನು ಓದಿ. ಹಸ್ತ ಬಹಾರ್‌ಗೆ, ಅಂದರೆ ಹಸ್ತ ಮಳೆ ಹೊತ್ತಿಗೆ ಹೂ ಬಿಡಿಸುವ ಬೆಳೆಗೆ, ಗಿಡ ಸವರಲು ಊರೂರಿಗೆ ಗುಂಪುಗಳು ಬರುತ್ತವೆ. ಗಿಡಕ್ಕೆ ಇಷ್ಟು ಎಂದು ಗುತ್ತಿಗೆ ಮಾತಾಡಿ, ಬೇಗ ಮುಗಿಸಿ ಹೋಗುತ್ತಾರೆ. ಅಂಥ ಒಂದು ಗುಂಪು ನಮ್ಮ ತೋಟಕ್ಕೆ ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿ ರೋಗ ತಂದು ಬಿಟ್ಟು ಹೋಯಿತು. ಅಲ್ಲಿವರೆಗೆ ನಮ್ಮಲ್ಲಿ ಆ ರೋಗದ ಒಂದು ಚುಕ್ಕೆಯೂ ಇರಲಿಲ್ಲ.

ನಮ್ಮದು ಶಿರಾ ತಾಲ್ಲೂಕು, ಭಗ್ವಾ ತಳಿ. ಉತ್ತರೆ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಗುಂಪು ಬಂತು. ಬೇರೆ ತೋಟ ಮುಗಿಸಿಕೊಂಡು ನೇರವಾಗಿ ಬಂದಿದ್ದರು. ಕತ್ತರಿ ಅಲಗಿನ ಮೇಲೆ ಅಲ್ಲಿಯ ರಸ ಒಣಗಿ ಹಾಗೇ ಅಂಟಿತ್ತು. ನಮ್ಮಣ್ಣ ಬಕೆಟ್‌ನಲ್ಲಿ ಔಷಧಿ ನೀರು ಕಲಸಿಟ್ಟು, ಒಂದೊಂದು ಗಿಡ ಮುಗಿದ ಮೇಲೂ ಕತ್ತರಿ ಅದ್ದಿ ಎಂದು ಹೇಳಿದರು. ಮೇಸ್ತ್ರಿ, "ಹಂಗೆ ಅದ್ದಿಕೊಂಡು ಕೂತ್ರೆ ನಮಗೆ ಗಿಟ್ಟಲ್ಲ ಅಣ್ಣ, ಎಲ್ಲಾ ಕಡೆ ಹಿಂಗೇ ಮಾಡೋದು" ಎಂದ. ನಾವು ಎದುರಿಗಿದ್ದಾಗ ಅದ್ದಿದರು, ಬೆನ್ನು ತಿರುಗಿಸಿದ ಕೂಡಲೇ ಬಿಟ್ಟರು. ಮಧ್ಯಾಹ್ನ ಸೋನೆ ಹಿಡಿಯಿತು. ನಿಲ್ಲಿಸಿ ಎಂದರೂ ಕೇಳಲಿಲ್ಲ. ಗಿಡದ ಲೆಕ್ಕದ ಕೂಲಿ ಅಲ್ವಾ, ಕೈ ನಿಂತರೆ ಅವರಿಗೆ ನಷ್ಟ. ಒದ್ದೆ ಗಿಡ, ಒದ್ದೆ ಕತ್ತರಿ, ಹಸಿ ಗಾಯ. ಈ ರೋಗ ಒಳಗೆ ಬರಲು ಇನ್ನೇನು ಬೇಕು?

ಹಸ್ತ, ಚಿತ್ತ ಮಳೆ ಚೆನ್ನಾಗಿ ಹಿಡಿಯಿತು, ಚಿಗುರೂ ಬಂತು. ಆಗ ಶುರುವಾಯಿತು. ಮೊದಲು ಎಲೆ ಮೇಲೆ ನೀರಲ್ಲಿ ನೆನೆದಂಥ ಸಣ್ಣ ಚುಕ್ಕೆ. ಆಮೇಲೆ ಅದು ಗಾಢ ಕಂದಾಗಿ, ಸುತ್ತ ಹಳದಿ ಅಂಚು. ಗಿಣ್ಣುಗಳು ಕಪ್ಪಾಗಿ ರೆಂಬೆಗಳು ಅಲ್ಲೇ ಮುರಿದುಕೊಂಡವು. ಕಾಯಿ ಮೇಲೆ ಕಪ್ಪು ಮಚ್ಚೆ ಬಂದು, ಮಚ್ಚೆಯ ನಡುವೆ ಸಿಪ್ಪೆ ಸೀಳಿತು. ಅಂಥ ಕಾಯಿಯನ್ನು ಮಂಡಿಯಲ್ಲಿ ಯಾರೂ ಮುಟ್ಟುವುದಿಲ್ಲ.

ಮಳೆ ಗಾಳಿಯಲ್ಲೂ ಈ ರೋಗ ಹರಡುತ್ತದೆ, ಗುಂಪಿನಿಂದಲೇ ಬಂತು ಎಂದು ಹೇಗೆ ಹೇಳುತ್ತೀರಿ ಎಂದು ಕೆಲವರು ಕೇಳಿದರು. ಸಾಲು ನೋಡಿ ಹೇಳುತ್ತೇನೆ. ಅವರು ಮೊದಲು ಕೈ ಹಾಕಿದ ಸಾಲುಗಳಲ್ಲೇ ಮೊದಲು ಬಂತು. ಅವರು ನಡೆದ ದಿಕ್ಕಿನಲ್ಲೇ ಗಿಡದಿಂದ ಗಿಡಕ್ಕೆ ಹೋಯಿತು. ಕೊಳವೆ ಬಾವಿ ಪಕ್ಕದ ಸಾಲುಗಳನ್ನು ಮನೆಯವರೇ ಸವರಿದ್ದೆವು. ಅಲ್ಲಿ ತುಂಬ ತಡವಾಗಿ, ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಕಂಡಿತು. ಎರಡೂ ಕಡೆ ಅದೇ ಸಸಿ, ಅದೇ ನೀರು, ಅದೇ ಗೊಬ್ಬರ. ಆಮೇಲೆ ವಿಚಾರಿಸಿದರೆ, ನಮ್ಮಲ್ಲಿಗೆ ಬರುವ ಮುಂಚೆ ಅವರು ಸವರಿದ ತೋಟದಲ್ಲಿ ಅಂಗಮಾರಿ ಇತ್ತು. ಮೇಸ್ತ್ರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ ಎನ್ನುವುದೇ ನನಗೆ ಇವತ್ತಿಗೂ ಸಂಕಟ.

ಇದು ಹೊಸ ರೋಗವಲ್ಲ. ನಮ್ಮ ದೇಶದಲ್ಲಿ 1952ರಲ್ಲೇ ದೆಹಲಿಯಲ್ಲಿ ಕಂಡಿತ್ತು. ಕೊಪ್ಪಳ, ಬಾಗಲಕೋಟೆ, ವಿಜಯಪುರ ಕಡೆ ಎಷ್ಟೋ ರೈತರು ಇದರಿಂದಲೇ ದಾಳಿಂಬೆ ಕಿತ್ತು ಹಾಕಿದರು. ಇದು ಬೂಷ್ಟಿನ ರೋಗವೂ ಅಲ್ಲ, ದುಂಡಾಣುವಿನದು. ಗಿಡದೊಳಗೆ ಸೇರಿದ ಮೇಲೆ ಪೂರ್ತಿ ತೊಲಗಿಸುವ ಔಷಧಿ ಇಲ್ಲ, ಯಾರು ಏನೇ ಬಾಟಲಿ ತೋರಿಸಿದರೂ ನಂಬಬೇಡಿ. ಉದುರಿದ ಎಲೆ, ಕತ್ತರಿಸಿದ ಕಡ್ಡಿಯಲ್ಲೂ ತಿಂಗಳುಗಟ್ಟಲೆ ಬದುಕಿರುತ್ತದೆ. ಆ ಗುಂಪು ಕಡ್ಡಿಗಳನ್ನೆಲ್ಲ ಸಾಲಿನಲ್ಲೇ ಬಿಟ್ಟು ಹೋಗಿತ್ತು.

ಸವರಿದ್ದಾದರೂ ಸರಿಯಿತ್ತಾ ಅಂದರೆ ಅದೂ ಇಲ್ಲ. ದಾಳಿಂಬೆ ಕಾಯಿ ಬಿಡುವುದು ಬಲಿತ ಕೊಂಬೆಯ ಗಿಡ್ಡ ರೆಂಬೆಗಳಲ್ಲಿ. ಅವನ್ನೆಲ್ಲ ಒಂದೇ ಸಮ ಕತ್ತರಿಸಿ, ಬುಡದಿಂದ ಎದ್ದ ಕುಡಿಗಳನ್ನು ಹಾಗೇ ಉಳಿಸಿದ್ದರು. ಗಿಡಕ್ಕೆ ಮೂರು ನಾಲ್ಕು ಕಾಂಡ ಸಾಕು, ನಡುವೆ ಬಿಸಿಲು ಬೀಳಬೇಕು. ಇಷ್ಟೂ ತಿಳಿಯದವರ ಕೈಗೆ ಕತ್ತರಿ ಕೊಡಬಾರದು.

ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರ ನಮ್ಮ ಜಿಲ್ಲೆಯಲ್ಲೇ ಇದೆ. ಅನುಮಾನದ ಎಲೆ ಕಂಡರೆ ಅಲ್ಲಿ ತೋರಿಸಿ. ಗುಂಪು ಕರೆಸಲೇಬೇಕಾದರೆ ಕತ್ತರಿ ನಿಮ್ಮದೇ ಇರಲಿ. ಒಬ್ಬ ಆಳಿಗೆ ಎರಡು ಕತ್ತರಿ ಕೊಟ್ಟರೆ ಒಂದು ನೆನೆಯುತ್ತಿರುವಾಗ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ, ಗಿಟ್ಟಲ್ಲ ಎನ್ನುವ ಮಾತೂ ಬರುವುದಿಲ್ಲ. ಅದ್ದಲು ಶೇಕಡಾ 1ರ ಸೋಡಿಯಂ ಹೈಪೋಕ್ಲೋರೈಟ್ ಸಾಕು. ಅಂಗಡಿಯಲ್ಲಿ ಸಿಗುವುದು ಶೇಕಡಾ 4ರದ್ದಾದರೆ 1 ಲೀಟರ್‌ಗೆ 3 ಲೀಟರ್ ನೀರು ಸೇರಿಸಿ. ಅದು ಕಬ್ಬಿಣವನ್ನು ತಿನ್ನುತ್ತದೆ, ಸಂಜೆ ಕತ್ತರಿ ತೊಳೆದು ಎಣ್ಣೆ ಒರೆಸಿಡಿ. ಮಳೆ ಹನಿ ಬಿದ್ದ ದಿನ ಕೆಲಸ ಬೇಡ. ರೋಗದ ಗಿಡ ಇದ್ದರೆ ಕೊನೆಗೆ ಸವರಿ, ಮಚ್ಚೆಗಿಂತ 2 ಇಂಚು ಕೆಳಗೆ ಕತ್ತರಿಸಿ, ಕಡ್ಡಿಗಳನ್ನು ಹೊರಗೆ ಒಯ್ದು ಸುಡಿ. ದಪ್ಪ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 10 ಲೀಟರ್ ನೀರು. ಸಿಂಪಡಣೆಗಾದರೆ ಅಷ್ಟಕ್ಕೇ 100 ಲೀಟರ್ ನೀರು. ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕಲಸಿ. ಹೊಳೆಯುವ ಚಾಕು ಅದ್ದಿ ನೋಡಿ, ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ.

ಆ ಗುಂಪು ಈಗಲೂ ನಮ್ಮ ಸುತ್ತಮುತ್ತ ಕೆಲಸ ಮಾಡುತ್ತಿದೆ. ಯಾವ ಗುಂಪೇ ಬರಲಿ, ಮುಂಗಡ ಕೊಡುವ ಮುಂಚೆ ಹಿಂದಿನ ತೋಟ ಯಾರದು ಎಂದು ಕೇಳಿ, ಒಂದು ಸಲ ಹೋಗಿ ಎಲೆ ನೋಡಿ ಬನ್ನಿ. ತೋಟ ಹೇಳಲು ತಡವರಿಸಿದರೆ ಬೇರೆಯವರನ್ನು ಹುಡುಕಿ.